ಸೋಡಾ, ವಿನೆಗರ್, ಎಣ್ಣೆ, ಸೋಪು: ಮನೆಯಲ್ಲೇ ಯಾವುದನ್ನು ಮಾಡಿಕೊಳ್ಳಬಹುದು, ಯಾವುದು ಬೇಡ

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ಸನೆ ನೊರೆ ಏಳುತ್ತದೆ. ಕೊಳೆಯೆಲ್ಲ ಕಿತ್ತು ಬರುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಮನೆಯಲ್ಲೇ ಕ್ಲೀನರ್ ಮಾಡುವುದನ್ನು ತೋರಿಸುವ ಎಷ್ಟೋ ವಿಡಿಯೋಗಳು ಆ ನೊರೆಯನ್ನೇ ನಂಬಿಕೊಂಡಿವೆ. ಆದರೆ ಆ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡನ್ನೂ ಬೆರೆಸಿದರೆ ಒಂದರ ಶಕ್ತಿಯನ್ನು ಇನ್ನೊಂದು ಹೀರಿಕೊಳ್ಳುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥದ್ದು, ಅಂದರೆ ಸೋಡಿಯಂ ಅಸಿಟೇಟ್ ಕರಗಿದ ನೀರು. ಅದನ್ನು ಬಾಟಲಿಗೆ ತುಂಬಿಟ್ಟು ಕ್ಲೀನರ್ ಅಂತ ಬಳಸಿದರೆ, ನೆಲ ಸ್ವಚ್ಛವಾಗಿದ್ದಕ್ಕೆ ಕಾರಣ ನೀರು ಮತ್ತು ನಿಮ್ಮ ಕೈ ಉಜ್ಜಿದ್ದು, ಅಷ್ಟೇ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಅಂಗಡಿಯ ಸಾಮಾನು ಬಿಟ್ಟು ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಕೇಳೋದು "ಇದು ನೈಸರ್ಗಿಕಾನಾ, ಕೆಮಿಕಲ್ಲಾ" ಅಂತ. ಆ ಪ್ರಶ್ನೆಯಿಂದ ಉಪಯೋಗವಾಗೋದು ಕಡಿಮೆ. ವಿನೆಗರ್ ಕೂಡ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ. ಕೇಳಬೇಕಾದ್ದು ಬೇರೆ. ಈ ವಸ್ತು ಯಾವ ಕೆಲಸ ಮಾಡಬೇಕು? ಇದರಲ್ಲಿ ನೀರು ಇದೆಯಾ? ಇದು ಕೈಕೊಟ್ಟರೆ ಏನಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವುದನ್ನು ಧೈರ್ಯವಾಗಿ ಬದಲಾಯಿಸಬಹುದು, ಯಾವುದಕ್ಕೆ ಕೈ ಹಾಕಬಾರದು ಅನ್ನೋದು ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ.

ಕೊಳೆಯಿಂದಲೇ ಶುರು ಮಾಡೋಣ. ಎಲ್ಲ ಕೊಳೆಯೂ ಒಂದೇ ಜಾತಿಯದ್ದಲ್ಲ. ನಲ್ಲಿಯ ಸುತ್ತ, ಬಕೆಟ್ಟಿನ ಒಳಗೆ, ಕೆಟಲ್ ತಳದಲ್ಲಿ ಕಟ್ಟುವ ಬಿಳಿ ಪದರ ಗಡಸು ನೀರಿನಿಂದ ಬಂದದ್ದು, ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಇದಕ್ಕೆ ಆಮ್ಲವೇ ಬೇಕು. ಕೆಟಲ್‌ಗೆ ನೀರು ತುಂಬಿ, ಒಂದು ಚಮಚ ಸಿಟ್ರಿಕ್ ಆಸಿಡ್ ಹಾಕಿ ಕುದಿಸಿ, ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ತಳದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಪದರ ಚೂರುಚೂರಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಎರಡು ಸಲ ತೊಳೆದರೆ ಕೆಳಗಿನ ಉಕ್ಕು ಹೊಳೆಯುತ್ತದೆ. ಉಜ್ಜುವ ಕೆಲಸವೇ ಇಲ್ಲ. ಇಲ್ಲಿ ಏಳುವ ಗುಳ್ಳೆ ನಿಜವಾಗಿ ಕೆಲಸ ಮಾಡಿದ ಗುರುತು, ಯಾಕಂದ್ರೆ ಕರಗುತ್ತಿರೋದು ಕೊಳೆಯೇ. ಇದೇ ಕಾರಣಕ್ಕೆ ಅಮೃತಶಿಲೆಯ ಮೇಲೆ ವಿನೆಗರ್, ನಿಂಬೆರಸ ಬೀಳಬಾರದು. ಆ ಕಲ್ಲು ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಆಮ್ಲ ತಾಗಿದ ಜಾಗದಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಅದನ್ನು ಯಾವ ಬಟ್ಟೆಯಿಂದ ಒರೆಸಿದರೂ ಹೋಗೋದಿಲ್ಲ.

ಜಿಡ್ಡಿನ ಕಥೆ ಇದಕ್ಕೆ ಉಲ್ಟಾ. ಒಲೆಯ ಸುತ್ತ ಅಂಟುವ ಎಣ್ಣೆಗೆ ವಿನೆಗರ್ ಹಾಕಿ ಎಷ್ಟು ಉಜ್ಜಿದರೂ ಸುಸ್ತಾಗೋದು ನೀವೇ. ಅದಕ್ಕೆ ಕ್ಷಾರ ಬೇಕು. ಆಮ್ಲ, ಕ್ಷಾರದ ತೀವ್ರತೆ ಅಳೆಯೋದು ಪಿಎಚ್ ಅನ್ನೋ ಲೆಕ್ಕದಲ್ಲಿ: 7 ನಡುಮಧ್ಯ, ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಅಡುಗೆ ಸೋಡಾ ಬಹಳ ಮೆತ್ತಗಿನ ಕ್ಷಾರ, ನೀರಲ್ಲಿ ಕಲಸಿದರೆ ಪಿಎಚ್ 8ರ ಸ್ವಲ್ಪ ಮೇಲೆ. ಅದು ಚೆನ್ನಾಗಿ ಮಾಡುವ ಕೆಲಸ ಗೀರು ಬೀಳದ ಹಾಗೆ ಉಜ್ಜೋದು, ಮತ್ತೆ ವಾಸನೆ ತೆಗೆಯೋದು. ಜಿಡ್ಡಿಗೆ ವಾಷಿಂಗ್ ಸೋಡಾ ವಾಸಿ. ಅದರ ಪಿಎಚ್ ಸುಮಾರು 11. ಪಿಎಚ್ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ, ಹಾಗಾಗಿ 8 ಮತ್ತು 11ರ ನಡುವಿನ ಅಂತರ ಸಾವಿರ ಪಟ್ಟು.

ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾದಿಂದಲೇ ಮಾಡಿಕೊಳ್ಳಬಹುದು, ಇದು ನನಗೆ ತುಂಬಾ ಇಷ್ಟವಾದ ಮನೆಕೆಲಸ. ಅಗಲವಾದ ಗಾಜಿನ ಅಥವಾ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಇಡಬೇಕು, ನಡುವೆ ಒಂದೆರಡು ಸಲ ಕೈಯಾಡಿಸಬೇಕು. ಬಿಸಿಗೆ ಅದರೊಳಗಿನ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತವೆ. ನುಣ್ಣಗೆ ರೇಷ್ಮೆಯ ಹಾಗಿದ್ದ ಪುಡಿ ಒರಟಾಗಿ, ಮಂಕಾಗಿ ಕಾಣಲು ಶುರುವಾಗುತ್ತದೆ. ಕೆಲಸ ಪೂರ್ತಿ ಆಯಿತಾ ಅಂತ ತಿಳಿಯೋಕೆ ತಕ್ಕಡಿ ಸಾಕು: 100 ಗ್ರಾಂ ಹಾಕಿದ್ದರೆ ಸುಮಾರು 63 ಗ್ರಾಂ ಉಳಿಯಬೇಕು. ಜಾಸ್ತಿ ತೂಗಿದರೆ ಇನ್ನಷ್ಟು ಹೊತ್ತು ಇಡಿ. ಇದನ್ನು ಬಳಸುವಾಗ ಕೈಗವಸು ಇರಲಿ, ಅಲ್ಯೂಮಿನಿಯಂ ಪಾತ್ರೆಗೆ ಬೇಡ, ಉಣ್ಣೆ ಮತ್ತು ರೇಷ್ಮೆ ಬಟ್ಟೆಗೂ ಬೇಡ. ಉಳಿದ ಬಟ್ಟೆಗೆ ಮಾತ್ರ ಬಹಳ ಉಪಕಾರಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದು ಕೆಳಗೆ ಕೂರಿಸುತ್ತದೆ, ಆಮೇಲೆ ಹಾಕಿದ ಸೋಪು ಪೋಲಾಗದೆ ಬಟ್ಟೆಗೆ ಸಿಗುತ್ತದೆ.

ಇನ್ನೊಂದು ಜನಪ್ರಿಯ ರೆಸಿಪಿ ಇದೆ: ದ್ರವ ಸೋಪು, ವಿನೆಗರ್, ಸೋಡಾ ಎಲ್ಲ ಒಂದೇ ಬಾಟಲಿಗೆ. ಎಣ್ಣೆಯಿಂದ ಮಾಡಿದ ನಿಜವಾದ ಸೋಪಿಗೆ ವಿನೆಗರ್ ಸೇರಿಸಿದರೆ ಸೋಪು ಒಡೆಯುತ್ತದೆ. ಬಿಳಿ ಬಿಳಿ ಗಂಟು ಮೇಲೆ ತೇಲುತ್ತವೆ, ಅವು ಕೊಬ್ಬಿನಾಮ್ಲದ ಮುದ್ದೆಗಳು. ಕೊಳೆ ತೆಗೆಯಬೇಕಾದ ಸೋಪು ತಾನೇ ಜಿಡ್ಡಾಗಿ ಪಾತ್ರೆಗೆ ಅಂಟಿಕೊಳ್ಳುತ್ತದೆ. ಮೊದಲು ಸೋಪಿನಿಂದ ತೊಳೆದು, ನೀರು ಹಾಕಿ, ಆಮೇಲೆ ಬೇಕಿದ್ದರೆ ವಿನೆಗರ್ ನೀರಿನಲ್ಲಿ ಅದ್ದಿ ತೆಗೆಯಿರಿ. ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ.

ಇವೆಲ್ಲ ಬರೀ ವ್ಯರ್ಥವಾಗುವ ಮಿಶ್ರಣಗಳು, ಜೀವಕ್ಕೆ ಅಪಾಯವಿಲ್ಲ. ಅಪಾಯ ಇರೋದು ಬ್ಲೀಚ್ ಹತ್ತಿರ ಬಂದಾಗ. ಬ್ಲೀಚ್‌ಗೆ ವಿನೆಗರ್, ನಿಂಬೆರಸ, ಸಿಟ್ರಿಕ್ ಆಸಿಡ್ ಯಾವುದು ಸೇರಿದರೂ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ನೈಸರ್ಗಿಕದ ಕಡೆ ಹೊರಳಿದ ಮನೆಯಲ್ಲಿ ಹಳೆಯ ಬ್ಲೀಚ್ ಬಾಟಲಿ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ, ಬಾತ್‌ರೂಮ್ ತೊಳೆಯುವಾಗ ನಿನ್ನೆ ಅದು, ಇವತ್ತು ಇದು ಅಂತ ಹಾಕುವವರೂ ಇರುತ್ತಾರೆ, ಅದಕ್ಕೇ ಮನೆಯವರಿಗೆಲ್ಲ ಇದು ಗೊತ್ತಿರಬೇಕು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡ ಒಂದೇ ಬಾಟಲಿಗೆ ಬೇಡ, ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ, ಕಣ್ಣು ಮೂಗು ಉರಿಯುತ್ತದೆ.

ಈಗ ಸೋಪು. "ನಾವು ಕಾಸ್ಟಿಕ್ ಇಲ್ಲದ ಸೋಪು ಮಾಡ್ತೀವಿ" ಅನ್ನೋ ಮಾತನ್ನು ನಂಬಬೇಡಿ. ಎಣ್ಣೆಗೆ ಕಾಸ್ಟಿಕ್ ಸೋಡಾದಂಥ ಗಟ್ಟಿ ಕ್ಷಾರ ಸೇರಿದರೇ ಸೋಪು. ಕರಗಿಸಿ ಅಚ್ಚಿಗೆ ಹಾಕುವ ರೆಡಿಮೇಡ್ ಬಿಲ್ಲೆಗಳಲ್ಲಿ ಆ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ಅಷ್ಟೇ ವ್ಯತ್ಯಾಸ. ಸರಿಯಾಗಿ ಮಾಡಿದ ಸೋಪಿನಲ್ಲಿ ಕಾಸ್ಟಿಕ್ ಉಳಿಯೋದಿಲ್ಲ, ಎಲ್ಲವೂ ಎಣ್ಣೆಯ ಜೊತೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿರುತ್ತದೆ. "ಸರಿಯಾಗಿ" ಅನ್ನುವುದರಲ್ಲೇ ಎಲ್ಲ ಇದೆ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು, ಅದೇ ಒಂದು ಕಿಲೋ ಆಲಿವ್ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ರೆಸಿಪಿಯಲ್ಲಿ ಕೊಬ್ಬರಿ ಎಣ್ಣೆ ಇದ್ದ ಕಡೆ ಆಲಿವ್ ಹಾಕಿ, ಕಾಸ್ಟಿಕ್ ಮಾತ್ರ ಅಷ್ಟೇ ಇಟ್ಟರೆ, ಉಳಿದ ಕಾಸ್ಟಿಕ್ ಚರ್ಮವನ್ನು ಸುಡುತ್ತದೆ. ಅದಕ್ಕೇ ಸೋಪು ಮಾಡುವವರು ಚಮಚದಲ್ಲಿ ಅಳೆಯೋದಿಲ್ಲ, ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಸ್ವಲ್ಪ ಎಣ್ಣೆ ಹೆಚ್ಚೇ ಉಳಿಯಲಿ ಅಂತ ಕಾಸ್ಟಿಕ್ ಅನ್ನು ಶೇಕಡ 5ರಷ್ಟು ಕಡಿಮೆ ಹಾಕುತ್ತಾರೆ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಬಳಸಲೇಬಾರದು, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಮಾಡಿದ ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಲು ಬಿಟ್ಟರೆ ಗಟ್ಟಿಯಾಗುತ್ತದೆ, ಬೇಗ ಕರಗೋದಿಲ್ಲ. ಇಷ್ಟು ಶಿಸ್ತು ಇದ್ದರೆ ಮಾಡಿ, ಒಳ್ಳೆಯ ಸೋಪೇ ಆಗುತ್ತದೆ. ಮನೆಯಲ್ಲಿ ಓಡಾಡುವ ಪುಟ್ಟ ಮಕ್ಕಳಿದ್ದರೆ ಬೇಡ ಅಂತಲೇ ನನ್ನ ಅಭಿಪ್ರಾಯ.

ಕ್ಷಾರದ ಗೊಡವೆಯೇ ಬೇಡ ಅನ್ನುವವರಿಗೆ ಅಂಟುವಾಳ ಇದೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ನೀರಿನಲ್ಲಿ ನೊರೆ ಬಿಡುತ್ತದೆ, ಹಗುರವಾದ ಕೊಳೆಯನ್ನು ತೆಗೆಯುತ್ತದೆ. ಭಾರಿ ಜಿಡ್ಡಿಗೆ ಸಾಲದು. ಕುದಿಸಿ ಸೋಸಿದ ನೀರು ಕೆಲವೇ ದಿನಗಳಲ್ಲಿ ಹುಳಿ ನಾತ ಹೊಡೆಯುತ್ತದೆ, ಹಾಗಾಗಿ ಬೇಕಾದಷ್ಟೇ ಮಾಡಿ ಫ್ರಿಜ್‌ನಲ್ಲಿಡಿ.

ಮೈಗೆ ಹಚ್ಚುವ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ನಿಂಬೆರಸ 2ರ ಹತ್ತಿರ, ಅಂದರೆ ಚರ್ಮಕ್ಕಿಂತ ಸಾವಿರ ಪಟ್ಟು ಹೆಚ್ಚು ಆಮ್ಲ. ಅದನ್ನು ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಇನ್ನೊಂದು ತೊಂದರೆ: ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಯುರೊಕೌಮರಿನ್ ಅನ್ನೋ ವಸ್ತು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ. ಗುಳ್ಳೆ ಏಳಬಹುದು, ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗೋದಿಲ್ಲ. ಕಲೆ ಹೋಗಲಿ ಅಂತ ಹಚ್ಚಿದ್ದೇ ಕಲೆ ತರುತ್ತದೆ. ತಲೆಗೆ ಅಡುಗೆ ಸೋಡಾ ಉಜ್ಜೋದೂ ಒಳ್ಳೆಯದಲ್ಲ, ಕ್ಷಾರಕ್ಕೆ ಕೂದಲಿನ ಹೊರಪದರ ಏಳುತ್ತದೆ, ಕೂದಲು ಒರಟಾಗಿ ಸಿಕ್ಕುಗಟ್ಟುತ್ತದೆ. ಸೋಡಾ ಇರುವ ಡಿಯೋಡರೆಂಟ್‌ನಿಂದ ಕಂಕುಳಲ್ಲಿ ಕೆಂಪಗೆ ಉರಿ ಏಳುವುದಕ್ಕೂ ಇದೇ ಕ್ಷಾರ ಕಾರಣವಾಗಬಹುದು.

ಇಲ್ಲಿಗೆ ನೀರಿನ ಪ್ರಶ್ನೆ ಬರುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬರೀ ಎಣ್ಣೆ ಮತ್ತು ಮೇಣದಿಂದ ಮಾಡಿದ ಮುಲಾಮಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಿಲ್ಲ, ಯಾಕಂದ್ರೆ ಅದಕ್ಕೆ ನೀರು ಬೇಕು. ನೀರು, ಲೋಳೆಸರ, ಹೂವಿನ ನೀರು, ಹಾಲು, ಯಾವುದಾದರೂ ಒಂದು ಚಮಚ ಸೇರಿದರೂ ಸಾಕು, ಅಲ್ಲಿಂದ ಅದು ಹಳಸುವ ಪದಾರ್ಥ. ತೊಂದರೆ ಏನಂದ್ರೆ, ಹಳಸಿದ್ದು ಯಾವಾಗಲೂ ಕಣ್ಣಿಗೆ ಕಾಣೋದಿಲ್ಲ. ಬೂಷ್ಟು ಮೇಲೆ ಕಾಣುವ ಹೊತ್ತಿಗೆ ಒಳಗೆ ಬ್ಯಾಕ್ಟೀರಿಯಾ ಆಗಲೇ ತುಂಬಿರಬಹುದು, ಕ್ರೀಮ್ ಮಾತ್ರ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆರೋಗ್ಯವಾದ ಚರ್ಮ ತಡೆದುಕೊಳ್ಳಬಹುದು, ಆದರೆ ಗಾಯ ಇದ್ದರೆ, ಕಣ್ಣಿನ ಹತ್ತಿರ ಹಚ್ಚಿದರೆ, ಕೂಸಿನ ಮೈಗೆ ಹಚ್ಚಿದರೆ ಸೋಂಕಾಗಬಹುದು. ವಿಟಮಿನ್ ಇ ಹಾಕಿದ್ದೀವಿ, ಕೆಡಲ್ಲ ಅಂತ ಹೇಳುವವರಿದ್ದಾರೆ. ವಿಟಮಿನ್ ಇ ಎಣ್ಣೆ ಕಮಟಾಗೋದನ್ನು ನಿಧಾನ ಮಾಡುತ್ತದೆ, ಬ್ಯಾಕ್ಟೀರಿಯಾವನ್ನು ಮುಟ್ಟೋದಿಲ್ಲ. ರೋಸ್ಮರಿ ಸಾರವೂ ಅಷ್ಟೇ.

ಅಂಗಡಿಯ ಕ್ರೀಮಿನಲ್ಲಿ ಪ್ರಿಸರ್ವೇಟಿವ್, ಅಂದರೆ ಕೆಡದಂತೆ ಕಾಯುವ ವಸ್ತು, ಇರೋದು ಇದಕ್ಕೇ. ಇಲ್ಲಿ ಪ್ಯಾರಾಬೆನ್ ಅನ್ನೋ ಪ್ರಿಸರ್ವೇಟಿವ್‌ಗಳ ಕಥೆ ಹೇಳಲೇಬೇಕು, ಹೆದರಿಕೆಯಿಂದ ಬದಲಾಯಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. 2004ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ 20 ಸ್ತನದ ಗೆಡ್ಡೆಗಳ ಮಾದರಿಯಲ್ಲಿ ಪ್ಯಾರಾಬೆನ್ ಹುಡುಕಿತು, ಸಿಕ್ಕಿತು. ಹೋಲಿಸಿ ನೋಡಲು ಆರೋಗ್ಯವಂತ ಅಂಗಾಂಶ ಅದರಲ್ಲಿ ಇರಲಿಲ್ಲ, ಕ್ಯಾನ್ಸರ್‌ಗೆ ಪ್ಯಾರಾಬೆನ್ ಕಾರಣ ಅಂತ ಅದು ತೋರಿಸಲೂ ಇಲ್ಲ. ಆದರೆ ಜನ ಹೆದರಿದರು, ಕಂಪನಿಗಳು "ಪ್ಯಾರಾಬೆನ್ ಇಲ್ಲ" ಅಂತ ಲೇಬಲ್ ಹಚ್ಚಲು ಶುರು ಮಾಡಿದವು. ಆ ಜಾಗಕ್ಕೆ ಏನಾದರೂ ಬೇಕಲ್ಲ? ಬಂದವುಗಳಲ್ಲಿ ಮಿಥೈಲ್‌ಐಸೊಥಯಾಜೊಲಿನೋನ್ ಒಂದು. ಅದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಾಯಿತು ಅಂದರೆ 2013ರಲ್ಲಿ ಚರ್ಮದ ಅಲರ್ಜಿ ತಜ್ಞರ ಸಂಘವಾದ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು, ಮುಂದೆ ಯುರೋಪಿಯನ್ ಒಕ್ಕೂಟ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್ ಅನ್ನು ವರ್ಷದ "ಅಲರ್ಜಿಕಾರಕ ಅಲ್ಲದ್ದು" ಅಂತ ಆರಿಸಿತು. ಹಾಗಂತ ಎಲ್ಲ ಪ್ಯಾರಾಬೆನ್‌ಗೂ ಯಾರೂ ಪೂರ್ತಿ ಸರ್ಟಿಫಿಕೇಟ್ ಕೊಟ್ಟಿಲ್ಲ. 2014ರಲ್ಲಿ ಯುರೋಪಿಯನ್ ಒಕ್ಕೂಟ ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿ, ಪ್ರೊಪೈಲ್ ಮತ್ತು ಬ್ಯುಟೈಲ್ ಪ್ಯಾರಾಬೆನ್‌ಗೆ ಮಿತಿ ಬಿಗಿ ಮಾಡಿತು. ಲೆಕ್ಕ ಇರೋದು ಯಾವುದು, ಎಷ್ಟು ಅನ್ನೋದರಲ್ಲಿ.

ಹಾಗಾಗಿ ಮೈಗೆ ಹಚ್ಚುವುದನ್ನು ಮನೆಯಲ್ಲೇ ಮಾಡುವ ಆಸೆ ಇದ್ದರೆ ನೀರಿಲ್ಲದ ಮುಲಾಮಿನಿಂದ ಶುರು ಮಾಡಿ. ಒಂದು ಭಾಗ ಜೇನುಮೇಣ, ನಾಲ್ಕು ಭಾಗ ಎಣ್ಣೆ, ಎರಡನ್ನೂ ತೂಗಿಯೇ ತೆಗೆದುಕೊಳ್ಳಿ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ನೇರ ಉರಿ ಬೇಡ. ಒಂದು ಹನಿಯನ್ನು ತಣ್ಣನೆಯ ಚಮಚದ ಹಿಂಬದಿಗೆ ಬಿಟ್ಟು ನೋಡಿ: ಬೆರಳಿಗೆ ತೀರಾ ಗಟ್ಟಿ ಅನ್ನಿಸಿದರೆ ಇನ್ನಷ್ಟು ಎಣ್ಣೆ, ಹರಿದುಹೋದರೆ ಇನ್ನೊಂದು ಚೂರು ಮೇಣ. ಡಬ್ಬಿ ಪೂರ್ತಿ ಒಣಗಿರಲಿ. ಒದ್ದೆ ಬೆರಳು ಹಾಕಬೇಡಿ. ಒಡೆದ ತುಟಿಗೆ, ಹಿಮ್ಮಡಿಗೆ, ಒಣಗಿದ ಕೈಗೆ ಇದು ಧಾರಾಳವಾಗಿ ಸಾಕು. ಹಳೇ ಪೇಂಟ್ ಡಬ್ಬಿಯ ಹಾಗೆ ಎಣ್ಣೆಯಿಂದ ಕಮಟು ವಾಸನೆ ಬಂದ ದಿನ ಎಸೆಯಿರಿ.

ಪರಿಮಳಕ್ಕೆ ಎಸೆನ್ಶಿಯಲ್ ಆಯಿಲ್ ಹಾಕೋದು ಐಚ್ಛಿಕ, ಹಾಕದಿದ್ದರೆ ಇನ್ನೂ ಒಳ್ಳೆಯದು ಅಂತ ನಾನು ಹೇಳೋದು. ಗಿಡದಿಂದ ಬಂದದ್ದಾದರೂ ಅದು ಬಹಳ ಸಾಂದ್ರ. 30 ಎಂಎಲ್ ಎಣ್ಣೆಗೆ 6 ಹನಿ ಅಂದರೆ ಸುಮಾರು ಶೇಕಡ 1, ಅಷ್ಟಕ್ಕೇ ನಿಲ್ಲಿಸಿ. ಲ್ಯಾವೆಂಡರ್, ಕಿತ್ತಳೆ, ಟೀ ಟ್ರೀ ಎಣ್ಣೆಗಳು ಗಾಳಿಗೆ ತೆರೆದು ಹಳೆಯದಾದಷ್ಟೂ ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಟೀ ಟ್ರೀ ಎಣ್ಣೆ ಬೆಕ್ಕು, ನಾಯಿಗಳಿಗೆ ವಿಷ. ಹೊಸದು ಏನೇ ಮಾಡಿದರೂ ಮೊದಲು ಮೊಣಕೈ ಒಳಬದಿಯಲ್ಲಿ ಒಂದೇ ಜಾಗಕ್ಕೆ ದಿನವೂ ಹಚ್ಚಿ ಒಂದು ವಾರ ನೋಡಿ, ಅಲರ್ಜಿ ಮೊದಲ ದಿನವೇ ಕಾಣಿಸಿಕೊಳ್ಳಬೇಕು ಅಂತೇನಿಲ್ಲ.

ಇನ್ನು, ಮನೆಯಲ್ಲಿ ಮಾಡಲೇಬಾರದು ಅನ್ನುವಂಥವು. ಸನ್‌ಸ್ಕ್ರೀನ್ ಮೊದಲನೆಯದು. ಜಿಂಕ್ ಆಕ್ಸೈಡ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಅದು ಗುಂಪುಗುಂಪಾಗಿ ಗಂಟು ಕಟ್ಟುತ್ತದೆ, ಗಂಟುಗಳ ನಡುವಿನ ಜಾಗದಿಂದ ನೇರಳಾತೀತ ಕಿರಣ ಸಲೀಸಾಗಿ ಒಳಗೆ ಹೋಗುತ್ತದೆ, ನೋಡಲು ಮಾತ್ರ ಮೈಯೆಲ್ಲ ಬೆಳ್ಳಗಿರುತ್ತದೆ. ಅದು ಎಷ್ಟು ಕಾಪಾಡುತ್ತದೆ ಅಂತ ಅಳೆಯುವ ದಾರಿ ಮನೆಯಲ್ಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ಉಪ್ಪುನೀರನ್ನು ಮನೆಯಲ್ಲಿ ಮಾಡಿದರೆ ಅಕಾಂತಮೀಬಾ ಅನ್ನೋ ಜೀವಿಯಿಂದ ಕಣ್ಣೇ ಹೋಗಬಹುದು. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇಕಡ 60 ಆಲ್ಕೋಹಾಲ್ ಇರಬೇಕು. ಎರಡು ಭಾಗ ಶೇಕಡ 70ರ ಆಲ್ಕೋಹಾಲಿಗೆ ಒಂದು ಭಾಗ ಲೋಳೆಸರ ಸೇರಿಸಿದಿರಿ ಅಂದರೆ ಉಳಿಯೋದು ಶೇಕಡ 47ರ ಹತ್ತಿರ, ಅದು ಸಾಲೋದಿಲ್ಲ. ಟೂತ್‌ಪೇಸ್ಟ್ ವಿಷಯದಲ್ಲಿ ಜಗಳವೇ ಆಗುತ್ತದೆ, ಆದರೂ ಹೇಳುತ್ತೇನೆ. ಸೋಡಾದಿಂದ, ಎಣ್ಣೆಯಿಂದ ಹಲ್ಲು ಉಜ್ಜಿದರೆ ಹಲ್ಲು ಸ್ವಚ್ಛವಾಗಬಹುದು, ಹುಳುಕು ತಡೆಯುವ ಕೆಲಸ ಮಾಡೋದು ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟ್ ಅನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ನಿಂಬೆ ಹಾಕಿದ ಹಲ್ಲುಪುಡಿಯಂತೂ ಬೇಡವೇ ಬೇಡ, ಪಿಎಚ್ 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಎನಾಮಲ್ ಕರಗಲು ಶುರುವಾಗುತ್ತದೆ.

ಹಾಗಾದರೆ ಅಂಗಡಿಯ ಸಾಮಾನಿನಲ್ಲಿ ನಿಜವಾಗಿಯೂ ಬಿಡಬೇಕಾದ್ದು ಏನೂ ಇಲ್ಲವಾ? ಇದೆ. ಮೊದಲನೆಯದು ಸ್ಪ್ರೇ. 2018ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು ಆರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಅಥವಾ ಕೆಲಸದಲ್ಲಿ ಕ್ಲೀನಿಂಗ್ ಮಾಡುತ್ತಿದ್ದ ಹೆಂಗಸರ ಶ್ವಾಸಕೋಶದ ಶಕ್ತಿ, ಮಾಡದವರಿಗಿಂತ ಬೇಗ ಇಳಿದಿತ್ತು. ಸ್ಪ್ರೇಯ ಸಣ್ಣ ಹನಿ ಗಾಳಿಯಲ್ಲಿ ತೇಲಿ ಮೂಗಿನೊಳಗೆ ಹೋಗುತ್ತದೆ, ನೀವು ತುಂಬಿದ್ದು ವಿನೆಗರ್ ಆದರೂ ಅಷ್ಟೇ. ದ್ರವವನ್ನು ಬಟ್ಟೆಗೆ ಹಾಕಿ ಒರೆಸಿ. ಎರಡನೆಯದು ರೂಮ್ ಫ್ರೆಶ್ನರ್ ಮತ್ತು ಬಟ್ಟೆಗೆ ಪರಿಮಳ ಸೇರಿಸುವ ದ್ರವ. ಅವು ಏನನ್ನೂ ಸ್ವಚ್ಛ ಮಾಡೋದಿಲ್ಲ, ಅವಕ್ಕೆ ಬದಲಿ ಹುಡುಕೋದೇ ಬೇಡ. ಮೂರನೆಯದು "ಬ್ಯಾಕ್ಟೀರಿಯಾ ನಾಶಕ" ಅಂತ ಮಾರುವ ಕೈತೊಳೆಯುವ ಸೋಪು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನು ಅಂಥ ಸೋಪುಗಳಿಂದ ಹೊರಗಿಟ್ಟಿತು, ಯಾಕಂದ್ರೆ ಮಾಮೂಲಿ ಸೋಪು ನೀರಿಗಿಂತ ಅವು ಮೇಲು ಅಂತ ತಯಾರಕರು ತೋರಿಸಿರಲಿಲ್ಲ.

ಮನೆಯಲ್ಲಿರುವುದನ್ನೆಲ್ಲ ಒಂದೇ ದಿನ ಎಸೆಯಬೇಡಿ. ಒಂದು ಬಾಟಲಿ ಖಾಲಿಯಾದಾಗ ಅದರ ಜಾಗಕ್ಕೆ ಏನಾದರೂ ಬೇಕಾ ಅಂತ ಮೊದಲು ನೋಡಿ. ಗಾಜು ಒರೆಸಲು, ಟೇಬಲ್ ಒರೆಸಲು, ನೆಲ ಒರೆಸಲು ಬೇರೆ ಬೇರೆ ಬಾಟಲಿ ಇದ್ದರೆ ಮೂರಕ್ಕೂ ಒದ್ದೆ ಮೈಕ್ರೋಫೈಬರ್ ಬಟ್ಟೆ ಮತ್ತು ಒಂದೆರಡು ಹನಿ ಸೋಪು ಸಾಕಾಗುತ್ತದೆ. ಒಂದೊಂದಾಗಿ ಬದಲಾಯಿಸಿದರೆ ಮೈಗೆ ಯಾವುದು ಆಗಲಿಲ್ಲ ಅನ್ನೋದೂ ಗೊತ್ತಾಗುತ್ತದೆ. ಮಾಡಿದ್ದನ್ನು ಕುಡಿಯುವ ನೀರಿನ, ಜ್ಯೂಸಿನ ಹಳೆ ಬಾಟಲಿಗೆ ಮಾತ್ರ ತುಂಬಬೇಡಿ, ಮಕ್ಕಳು ಕುಡಿದುಬಿಡುತ್ತಾರೆ. ಬೇರೆ ಬಾಟಲಿ ತೆಗೆದುಕೊಂಡು ಒಳಗೆ ಏನಿದೆ, ಯಾವತ್ತು ಮಾಡಿದ್ದು ಅಂತ ಅಳಿಸದ ಪೆನ್ನಿನಲ್ಲಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ.